ಸೇಲಂ ಸೀಮೆಯ ಬಚ್ಚಿಡದ ವಿದ್ಯೆ

ಸೇಲಂ ಪಟ್ಟಣದ ಪಶ್ಚಿಮಕ್ಕೆ, ತಪ್ಪಲಿನಲ್ಲಿ ಸಿದ್ಧರ ಕೋವಿಲೊಂದನ್ನು ಇಟ್ಟುಕೊಂಡು ನಿಂತಿರುವ ಕಂಜಮಲೆಯನ್ನು ದಾರಿಹೋಕರು ಕುರುಚಲು ಕಾಡಿನ ಒಂದು ಸಾಧಾರಣ ಗುಡ್ಡವೆಂದು ಬಗೆದು ಮುಂದೆ ಸಾಗುವುದೇ ಹೆಚ್ಚು. ಆದರೆ ಆ ಗುಡ್ಡದ ಒಡಲೆಲ್ಲ ಬೆಣಚುಕಲ್ಲಿನ ಪದರಗಳೊಡನೆ ಹೆಣೆದುಕೊಂಡಿರುವ ಅಯಸ್ಕಾಂತಗುಣದ ಕಬ್ಬಿಣದ ಅದಿರು. 1860ರ ದಶಕದಲ್ಲಿ ಈ ಪ್ರಾಂತದ ಭೂರಚನೆಯನ್ನು ಪರಿಶೀಲಿಸಿದ ವಿಲಿಯಂ ಕಿಂಗ್ ಮತ್ತು ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು ಕಂಜಮಲೆ, ಗೋದುಮಲೆ, ಕೊಲ್ಲಿಮಲೆ, ಧರ್ಮಪುರಿಯ ಕಡೆಯ ತೀರ್ಥಮಲೆ ಮೊದಲಾದ ಅದಿರಿನ ಬೆಟ್ಟಗಳನ್ನು ಗುಂಪುಗುಂಪಾಗಿ ವಿಂಗಡಿಸಿ ವರ್ಣಿಸಿದರು. ಅವರು ಬರುವುದಕ್ಕೆ ಸಹಸ್ರಾರು ವರ್ಷಗಳ ಹಿಂದೆಯೇ ಈ ಬೆಟ್ಟಗಳ ಗುಣವನ್ನು ಅರಿತವರು ಇಲ್ಲಿದ್ದರೆಂಬುದಕ್ಕೆ ಮೆಟ್ಟೂರಿನ ಸಮೀಪದ ಮಾಂಗಾಡಿನಲ್ಲಿ ದೊರೆತ, ಕ್ರಿ.ಪೂ. 1604ರಿಂದ 1416ರ ನಡುವಿನದೆಂದು ಕಾಲನಿರ್ಣಯವಾಗಿರುವ ಕಬ್ಬಿಣದ ಕತ್ತಿಯೇ ಸಾಕ್ಷಿ.

ಈ ಸೀಮೆ ಕನ್ನಡಿಗರಿಗೆ ಪರಸ್ಥಳವಲ್ಲ. ಧರ್ಮಪುರಿ ತಗಡೂರೆಂದು ಹೆಸರಾಗಿದ್ದ ಕಾಲದಲ್ಲಿ, ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ನೊಳಂಬರ ಮಹೇಂದ್ರನು ಅಲ್ಲಿ ಕನ್ನಡದಲ್ಲಿ ಶಾಸನಗಳನ್ನು ಹಾಕಿಸಿದನು. ಬಾರಾಮಹಲೆಂಬ ಹೆಸರಿನಿಂದ ಅದು ಬಹುಕಾಲ ಮೈಸೂರಿನ ಅಧೀನದಲ್ಲಿತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಅಲೆಕ್ಸಾಂಡರ್ ರೀಡನೂ ಅವನ ಸಹಾಯಕನಾಗಿ ಧರ್ಮಪುರಿಯಲ್ಲಿ ನೆಲಸಿದ್ದ ಥಾಮಸ್ ಮನ್ರೋವೂ ಅಲ್ಲಿಯ ಹೊಲಗಳನ್ನು ಅಳೆದು ಕಂದಾಯ ಕಟ್ಟಿದರು. ಇಂದಿಗೂ ಹೊಸೂರು, ಡೆಂಕಣಿಕೋಟೆಗಳ ಹಳ್ಳಿಗಳಲ್ಲಿಯೂ ಸೇಲಂ ನಗರದ ದೇವಾಂಗ ನೇಕಾರರ ಮನೆಗಳಲ್ಲಿಯೂ ಕನ್ನಡ ಕೇಳಿಬರುತ್ತದೆ. ಈ ನೆಲದ ಒಂದು ಪುರಾತನ ಕಸುಬಿನ ಚರಿತ್ರೆಯನ್ನು ಇಲ್ಲಿ ಹೇಳಹೊರಟಿರುವುದಕ್ಕೆ ಕೇವಲ ಪ್ರಾಂತಾಭಿಮಾನವು ಕಾರಣವಲ್ಲ. ತಂತ್ರಾಂಶವನ್ನು ಮುಕ್ತವಾಗಿ ಹಂಚಬೇಕೆ, ಬೀಗಹಾಕಿ ಮಾರಬೇಕೆ, ಪುಕ್ಕಟೆಯಾಗಿ ಕೊಟ್ಟವನು ಸಂತನೋ ದಡ್ಡನೋ ಎಂದು ಬೆಂಗಳೂರಿನ ಕಚೇರಿಗಳಿಂದ ಹೊಸೂರಿನ ಚಹದಂಗಡಿಗಳವರೆಗೆ ಈಗ ಎಲ್ಲರೂ ದಿನಬೆಳಗಾದರೆ ತಮ್ಮ ತಮ್ಮ ಅಭಿಪ್ರಾಯಗಳನ್ನು ಹೇಳುತ್ತಿರುವಾಗ, ಇದೇ ವ್ಯಾಜ್ಯವು ಎರಡು ಶತಮಾನಗಳ ಹಿಂದೆ ಈ ಬೆಟ್ಟಗಳ ಉಕ್ಕನ್ನು ಮುಂದಿಟ್ಟುಕೊಂಡು ನಡೆದುಹೋಯಿತೆಂಬುದನ್ನು ನೆನಪಿಸುವವರು ವಿರಳರಾಗಿರುವುದೇ ಕಾರಣ.

ಆ ಕಸುಬು ಹೀಗೆ ನಡೆಯುತ್ತಿತ್ತು. ಬೆಟ್ಟದಿಂದ ತಂದ ಅದಿರನ್ನು ಕುಟ್ಟಿ ಪುಡಿಮಾಡಿ, ನೀರಿನಲ್ಲಿ ತೊಳೆದೋ ಮೊರದಲ್ಲಿ ಕೇರಿಯೋ ಬೆಣಚುಕಲ್ಲಿನ ಹಗುರವಾದ ಕಣಗಳನ್ನು ಬೇರ್ಪಡಿಸುವರು. ಆಳೆತ್ತರಕ್ಕಿಂತ ಕಡಿಮೆಯಾದ, ಕೆಲವೇ ಗಂಟೆಗಳಲ್ಲಿ ಕಟ್ಟಿ ಮುಗಿಸಬಹುದಾದ ಮಣ್ಣಿನ ಕುಲುಮೆಯೊಂದರಲ್ಲಿ ಇದ್ದಿಲನ್ನೂ ಅದಿರನ್ನೂ ಸರದಿಯಂತೆ ಸುರಿದು, ಮೇಕೆಯ ಚರ್ಮದ ಎರಡು ತಿದಿಗಳಿಗೆ ಬಿದಿರಿನ ಕೊಳವೆಗಳನ್ನು ಜೋಡಿಸಿ, ಒಂದು ಉಸಿರೆಳೆಯುವಾಗ ಇನ್ನೊಂದು ಉಸಿರುಬಿಡುವಂತೆ ಮೂರು ನಾಲ್ಕು ಗಂಟೆಗಳ ಕಾಲ ಎಡೆಬಿಡದೆ ಒತ್ತುವರು. ಕಡೆಯಲ್ಲಿ ಕುಲುಮೆಯ ಮುಂಭಾಗವನ್ನು ಒಡೆದು ಕೆಂಡದಂತಿರುವ ಮುದ್ದೆಯನ್ನು ಹೊರಗೆಳೆದು ಬಡಿದು ಕಿಟ್ಟವನ್ನು ಹಿಂಡುವರು. ಇಷ್ಟಾದರೆ ಕಬ್ಬಿಣ ಸಿದ್ಧವಾಯಿತು. ಉಕ್ಕಾಗಬೇಕಾದರೆ ಇನ್ನೊಂದು ಸಂಸ್ಕಾರವುಂಟು. ಆ ಕಬ್ಬಿಣವನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಅರ್ಧ ಪೌಂಡಿನಿಂದ ಎರಡು ಪೌಂಡಿನಷ್ಟನ್ನು, ಭತ್ತದ ಹೊಟ್ಟು ಬೆರಸಿದ ಜೇಡಿಮಣ್ಣಿನ ಮೂಸೆಯೊಂದರಲ್ಲಿ ಒತ್ತಾಗಿ ತುಂಬುವರು. ಅದರ ತೂಕದ ಹತ್ತರಲ್ಲಿ ಒಂದು ಪಾಲು ಒಣಗಿದ ತಂಗಡಿಯ ಕಟ್ಟಿಗೆಯ ಚೂರುಗಳನ್ನು ಹಾಕಿ, ಮೇಲೆ ಒಂದೆರಡು ಎಕ್ಕದ ಹಸಿರೆಲೆಗಳನ್ನು ಮುಚ್ಚಿ, ಮೂಸೆಯ ಬಾಯಿಗೆ ಹದಮಾಡಿದ ಮಣ್ಣನ್ನು ಗಾಳಿಯಾಡದಂತೆ ಮೆತ್ತುವರು. ಮಣ್ಣು ಒಣಗಿದ ಬಳಿಕ ಇಂಥ ಇಪ್ಪತ್ತರಿಂದ ಇಪ್ಪತ್ತನಾಲ್ಕು ಮೂಸೆಗಳನ್ನು ಸಣ್ಣದೊಂದು ಕುಲುಮೆಯಲ್ಲಿ ಕಮಾನಿನಂತೆ ಜೋಡಿಸಿ, ಇದ್ದಿಲು ಹೊದಿಸಿ, ಸುಮಾರು ಎರಡೂವರೆ ಗಂಟೆಯ ಕಾಲ ತಿದಿಯೊತ್ತುವರು. ಆರಿದ ಮೂಸೆಯನ್ನು ಒಡೆದರೆ ತಳದ ಆಕಾರವನ್ನೇ ತಾಳಿದ ಉಕ್ಕಿನ ಬಿಲ್ಲೆಯು ಕೈಗೆ ಬರುವುದು. ಕಬ್ಬಿಣವು ಕಟ್ಟಿಗೆ ಎಲೆಗಳ ಇಂಗಾಲವನ್ನು ಹೀರಿಕೊಂಡು, ನೂರಕ್ಕೆ ಒಂದರಿಂದ ಎರಡು ಪಾಲಿನಷ್ಟು ಅದನ್ನು ತನ್ನಲ್ಲಿ ಅಡಗಿಸಿಕೊಂಡು ಕರಗುವುದೇ ಇದರ ರಹಸ್ಯ. ಆದರೆ ರಹಸ್ಯವೆಂಬ ಮಾತು ಇಲ್ಲಿ ಸಲ್ಲದು.

ಏಕೆಂದರೆ ಇದರಲ್ಲಿ ಬಚ್ಚಿಟ್ಟುಕೊಳ್ಳುವಂಥದೇನೂ ಇರಲಿಲ್ಲ. ತಂಗಡಿಯೂ ಎಕ್ಕವೂ ಬೇಲಿಯ ಬದಿಯ ಗಿಡಗಳು. ಕುಲುಮೆ ಬಯಲಿನಲ್ಲಿ ಉರಿಯುವಂಥದು. ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸುವಾಗ ಮಾಗಡಿಯ ಕಡೆಯಲ್ಲಿಯೂ ಚಿನ್ನರಾಯನದುರ್ಗದ ಕಡೆಯಲ್ಲಿಯೂ ಇಂಥ ಕುಲುಮೆಗಳ ಬಳಿ ನಿಂತು ಅವುಗಳ ಅಳತೆಯನ್ನೂ ಆಳುಗಳ ಗಳಿಕೆಯನ್ನೂ ಸಾವಧಾನವಾಗಿ ಬರೆದುಕೊಂಡು ಹೋದನು. ಹಾಗೆಂದು ಆ ಕಾಲವನ್ನು ಸತ್ಯಯುಗವೆಂದು ಹಾಡಿಹೊಗಳುವುದು ನನಗೆ ಸಮ್ಮತವಲ್ಲ. ನೋಡುವ ಕಣ್ಣಿಗೆ ತೆರೆದಿದ್ದ ವಿದ್ಯೆಯು ಮಾಡುವ ಕೈಗೆ ತೆರೆದಿರಲಿಲ್ಲ. ಕಸುಬು ಕುಲದ ಎಲ್ಲೆಯೊಳಗೆ ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಉರಿಯ ಬಣ್ಣವನ್ನು ನೋಡಿ, ಮೂಸೆಯನ್ನು ಅಲುಗಿಸಿ ಒಳಗಿನದು ಕರಗಿತೋ ಇಲ್ಲವೋ ಎಂದು ತಿಳಿಯುವ ಹದವು ಲೇಖನಿಗೆ ಸಿಕ್ಕುವಂಥದಲ್ಲ. ಅದನ್ನು ಬಲ್ಲವರು ಬರೆಯಲಿಲ್ಲ, ಬರೆಯಬಲ್ಲವರಾಗಿದ್ದ ನಮ್ಮ ಪಂಡಿತರು ಕುಲುಮೆಯ ಬಳಿ ಸುಳಿಯಲಿಲ್ಲ. ಛಂದಸ್ಸಿನ ಸೂಕ್ಷ್ಮಗಳ ಮೇಲೆ ಗ್ರಂಥದ ಮೇಲೆ ಗ್ರಂಥ ರಚಿಸಿದ ನಾಡಿನಲ್ಲಿ ಮೂಸೆಯ ಉಕ್ಕಿನ ಈ ಕ್ರಮವನ್ನು ಸಾಂಗವಾಗಿ ಬರೆದಿಟ್ಟ ಕೀರ್ತಿಯು ಕಂಪನಿಯ ನೌಕರರ ಪಾಲಿಗೆ ಹೋಗಬೇಕಾಯಿತೆಂಬುದು ಮರೆಮಾಚತಕ್ಕ ಸಂಗತಿಯಲ್ಲ.

1794ರಲ್ಲಿ ಮುಂಬಯಿಯ ವೈದ್ಯ ಹೆಲೆನಸ್ ಸ್ಕಾಟನು ಈ ಬಗೆಯ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿಕೊಟ್ಟನು. ಮರುವರ್ಷ ಜಾರ್ಜ್ ಪಿಯರ್ಸನ್ನನು ಅದನ್ನು ಪರೀಕ್ಷಿಸಿ ಸೊಸೈಟಿಯ ಮುಂದೆ ಪ್ರಬಂಧವನ್ನು ಓದಿದನು. ನಮ್ಮ ‘ಉಕ್ಕು’ ಅಲ್ಲಿ ‘ವೂಟ್ಸ್’ ಎಂದಾಗಿ ಯೂರೋಪಿನಲ್ಲೆಲ್ಲ ಅದೇ ಹೆಸರು ರೂಢಿಯಾಯಿತು. ಶಸ್ತ್ರವೈದ್ಯದ ಉಪಕರಣಗಳನ್ನು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟನು ಅದರಿಂದ ಅಲಗುಗಳನ್ನು ಮಾಡಿ ಮೆಚ್ಚಿದನು. ಕಮ್ಮಾರನ ಮಗನಾಗಿದ್ದ ಮೈಕೆಲ್ ಫ್ಯಾರಡೆಯು ಅದೇ ಸ್ಟೊಡಾರ್ಟನೊಡನೆ ಸೇರಿ 1820ರಲ್ಲಿಯೂ 1822ರಲ್ಲಿಯೂ ಉಕ್ಕಿನ ಮಿಶ್ರಲೋಹಗಳ ಮೇಲೆ ಪ್ರಯೋಗಗಳನ್ನು ಪ್ರಕಟಿಸಿದನು. ನಮ್ಮ ಉಕ್ಕಿನ ಗುಣಕ್ಕೆ ಅದರಲ್ಲಿ ಬೆರೆತ ಅಲ್ಯೂಮಿನಿಯಮ್ಮಿನ ಅಂಶವೇ ಕಾರಣವೆಂದು ಅವರು ಊಹಿಸಿದ್ದು ತಪ್ಪಾಗಿದ್ದರೂ, ಆ ತಪ್ಪನ್ನು ಬೆನ್ನಟ್ಟಿಯೇ ಮಿಶ್ರ ಉಕ್ಕಿನ ಶಾಸ್ತ್ರವು ಮೊಳಕೆಯೊಡೆಯಿತು. ಪ್ಯಾರಿಸಿನಲ್ಲಿ ಬ್ರೆಯಾಂ, ರಷ್ಯದ ಜ್ಲಾತೋಉಸ್ತಿನಲ್ಲಿ ಅನೋಸೊವ್ ಎಂಬವರೂ ಇದೇ ಜಾಡಿನಲ್ಲಿ ನಡೆದರು. ಒಬ್ಬನು ಪ್ರಕಟಿಸಿದ್ದನ್ನು ಇನ್ನೊಬ್ಬನು ಓದಿ, ತಿದ್ದಿ, ಮುಂದುವರಿಸುವ ಈ ಪದ್ಧತಿಯನ್ನು ಇಂದಿನ ಮುಕ್ತ ತಂತ್ರಾಂಶದವರು ತಮ್ಮ ಪೂರ್ವಿಕರ ಮನೆತನವೆಂದು ಹೇಳಿಕೊಂಡರೆ ಅದು ಅನ್ಯಾಯವಲ್ಲ. ಮೂಸೆಯನ್ನು ಮೊದಲು ಕಟ್ಟಿದವರ ಒಂದು ಹೆಸರೂ ಆ ವಂಶಾವಳಿಯಲ್ಲಿ ಇಲ್ಲವೆಂಬುದನ್ನು ಮಾತ್ರ ಜೊತೆಗೆ ಹೇಳಬೇಕು.

ಅತ್ತ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಬೇರೊಂದು ನೀತಿ ನಡೆಯುತ್ತಿತ್ತು. 1740ರ ದಶಕದಲ್ಲಿ ಮೂಸೆಯ ಉಕ್ಕನ್ನು ಅಲ್ಲಿ ಸಾಧಿಸಿದ ಬೆಂಜಮಿನ್ ಹಂಟ್ಸ್‌ಮನ್ನನು ಪೇಟೆಂಟನ್ನು ಪಡೆಯದೆ ಗೋಪ್ಯವನ್ನೇ ನಂಬಿಕೊಂಡು ಕೆಲಸಮಾಡಿದನು. ಚಳಿಯ ರಾತ್ರಿಯಲ್ಲಿ ಭಿಕ್ಷುಕನ ವೇಷದಿಂದ ಬಂದು ಬೆಂಕಿಯ ಬಳಿ ಆಶ್ರಯ ಬೇಡಿದ ಪ್ರತಿಸ್ಪರ್ಧಿಯೊಬ್ಬನು ಎಲ್ಲವನ್ನೂ ನೋಡಿಕೊಂಡು ಹೋದನೆಂಬ ಕಥೆಯು ಆ ಊರಿನಲ್ಲಿ ಪ್ರಚಲಿತವಾಗಿದೆ. ಕಥೆ ನಿಜವಿರಲಿ ಇಲ್ಲದಿರಲಿ, ಗುಟ್ಟು ಉಳಿಯಲಿಲ್ಲವೆಂಬುದು ನಿಜ.

ಇನ್ನು ಜೊಸಾಯಾ ಮಾರ್ಷಲ್ ಹೀತನ ವೃತ್ತಾಂತ. ಮದರಾಸಿನಲ್ಲಿ ಕಂಪನಿಯ ನೌಕರಿಯಲ್ಲಿದ್ದ ಈತನು ಸೇಲಂ ಸೀಮೆಯ ಕಬ್ಬಿಣವನ್ನು ಕಂಡು ಮರುಳಾಗಿ, 1825ರಲ್ಲಿ ಕೆಲಸವನ್ನು ಬಿಟ್ಟು, ಯೂರೋಪಿನ ಕ್ರಮದಲ್ಲಿ ಕಬ್ಬಿಣವನ್ನು ತಯಾರಿಸುವ ಏಕಸ್ವಾಮ್ಯವನ್ನು ಕಂಪನಿ ಸರಕಾರದಿಂದ ಪಡೆದು, 1830ರ ದಶಕದ ಆದಿಯಲ್ಲಿ ಪರಂಗಿಪೇಟೆಯಲ್ಲಿ ದೊಡ್ಡ ಕಾರ್ಖಾನೆಯನ್ನು ಹೂಡಿದನು. ಇದು 1781ರಲ್ಲಿ ಹೈದರನು ಸೋಲುಂಡ ಆ ಪೋರ್ಟೋ ನೋವೋ ಪಟ್ಟಣವೇ. ಅದಿರು ಸೇಲಂನಿಂದ ನದಿಯ ಮಾರ್ಗವಾಗಿ ಕಡಲಂಚಿಗೆ ಹೋಗಬೇಕು, ಇದ್ದಿಲಿಗಾಗಿ ಕಾಡುಗಳು ಬರಿದಾಗುತ್ತ ದಿನದಿನಕ್ಕೆ ದೂರ ಸರಿಯುತ್ತಿದ್ದವು, ಬಂಡವಾಳ ಕರಗಿತು. ಆ ಬಳಿಕ ಮಲಬಾರಿನ ಬೇಪೂರಿನಲ್ಲಿಯೂ ಕಾವೇರಿಯ ದಡದ ಪೂಲಾಂಪಟ್ಟಿಯಲ್ಲಿಯೂ ಕುಲುಮೆಗಳನ್ನು ಎಬ್ಬಿಸಿದ ಆ ವ್ಯವಹಾರವು ಹೆಸರು ಬದಲಿಸಿಕೊಂಡು, ಏಳುತ್ತ ಬೀಳುತ್ತ, 1860ರ ದಶಕದಲ್ಲಿ ಕಾರ್ಖಾನೆಗಳನ್ನು ಮುಚ್ಚಿ 1874ರಲ್ಲಿ ವಿಸರ್ಜನೆಗೊಂಡಿತು.

ಹೀತನು ಸೋತ ವ್ಯಾಪಾರಿ. ಆದರೆ ನೋಡುವ ಕಣ್ಣುಳ್ಳವನು. 1839ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಅವನ ಲೇಖನವೇ ಮೇಲೆ ಹೇಳಿದ ಮೂಸೆ, ತಂಗಡಿ, ಎಕ್ಕಗಳ ವಿವರಕ್ಕೆ ಆಧಾರ. ಅದರಲ್ಲಿ ಆತನು ಎತ್ತಿತೋರಿದ ಒಂದು ವಿಷಯವು ಪೇಟೆಂಟುಗಳ ಬಗೆಗೆ ಮಾತನಾಡುವ ಪ್ರತಿಯೊಬ್ಬರೂ ಮನನಮಾಡತಕ್ಕದ್ದಾಗಿದೆ. ಕಬ್ಬಿಣವನ್ನು ಇಂಗಾಲದೊಡನೆ ಮುಚ್ಚಿದ ಪಾತ್ರೆಯಲ್ಲಿ ಕರಗಿಸಿ ಉಕ್ಕು ಮಾಡುವ ತತ್ತ್ವಕ್ಕೆ 1800ರಲ್ಲಿ ಡೇವಿಡ್ ಮುಷೆಟ್ಟನು ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದಿದ್ದನು; ಇಂಗಾಲಯುಕ್ತವಾದ ಅನಿಲವನ್ನು ಕಾದ ಕಬ್ಬಿಣದ ಮೇಲೆ ಹಾಯಿಸಿ, ಹಳೆಯ ಕ್ರಮದಲ್ಲಿ ಹದಿನಾಲ್ಕರಿಂದ ಇಪ್ಪತ್ತು ದಿನ ಹಿಡಿಯುತ್ತಿದ್ದ ಕೆಲಸವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುವ ತತ್ತ್ವಕ್ಕೆ 1825ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷನು ಪೇಟೆಂಟು ಪಡೆದಿದ್ದನು; ಒಣಕಟ್ಟಿಗೆಯ ಇಂಗಾಲವನ್ನೂ ಹಸಿರೆಲೆಯ ಅನಿಲವನ್ನೂ ಒಂದೇ ಮೂಸೆಯಲ್ಲಿ ಕೂಡಿಸಿ ಎರಡೂವರೆ ಗಂಟೆಯಲ್ಲಿ ಉಕ್ಕನ್ನು ಇಳಿಸುವ ಭಾರತೀಯರ ಕ್ರಮವು ಈ ಎರಡು ತತ್ತ್ವಗಳನ್ನೂ ಒಳಗೊಂಡಿದೆಯೆಂದು ಹೀತನು ವಿಸ್ಮಯದಿಂದ ಬರೆದನು. ಸೇಲಂ ಸೀಮೆಯ ಹಳ್ಳಿಗನೊಬ್ಬನು ಲಂಡನ್ನಿಗೆ ಹೋಗಿ ತನ್ನ ತಾತನ ಮೂಸೆಯನ್ನು ಹೂಡಿದ್ದರೆ, ಅಲ್ಲಿಯ ಕಾಯಿದೆಯ ದೃಷ್ಟಿಯಲ್ಲಿ ಅವನೇ ಪರರ ಸ್ವತ್ತನ್ನು ಅಪಹರಿಸಿದವನಾಗುತ್ತಿದ್ದನೇನೋ!

ಹೀಗೆ ಬರೆದ ಹೀತನೇ ಅದೇ 1839ರ ಏಪ್ರಿಲಿನಲ್ಲಿ ತಾನೂ ಒಂದು ಪೇಟೆಂಟನ್ನು ಪಡೆದನು. ಉಕ್ಕು ಕರಗುವಾಗ ಮ್ಯಾಂಗನೀಸಿನ ಕಾರ್ಬುರೆಟ್ ಎಂಬ ಪದಾರ್ಥವನ್ನು ಸ್ವಲ್ಪವಾಗಿ ಸೇರಿಸಿದರೆ ಅಗ್ಗದ ಬ್ರಿಟಿಷ್ ಕಬ್ಬಿಣದಿಂದಲೂ ಬೆಸುಗೆಗೆ ಒಗ್ಗುವ ಒಳ್ಳೆಯ ಉಕ್ಕು ಸಿಕ್ಕುವುದೆಂಬುದು ಅವನ ಆವಿಷ್ಕಾರ. ಷೆಫೀಲ್ಡಿನ ಉಕ್ಕಿನ ಬೆಲೆಯನ್ನೇ ಇಳಿಸಿದ ಉಪಾಯವಿದು. ಮುಂದೆ ಆ ಪದಾರ್ಥವನ್ನು ಬೇರೆಯಾಗಿ ತಯಾರಿಸದೆ, ಮ್ಯಾಂಗನೀಸಿನ ಆಕ್ಸೈಡನ್ನೂ ಇಂಗಾಲದ ವಸ್ತುವನ್ನೂ ನೇರವಾಗಿ ಮೂಸೆಗೆ ಹಾಕಿದರೆ ಅಲ್ಲಿಯೇ ಅದು ಹುಟ್ಟಿಕೊಳ್ಳುವುದೆಂದೂ ಹೀಗೆ ವೆಚ್ಚ ಇನ್ನೂ ಕಡಿಮೆಯಾಗುವುದೆಂದೂ ಕಂಡುಕೊಂಡು, ಅದನ್ನು ಷೆಫೀಲ್ಡಿನ ತನ್ನ ಪ್ರತಿನಿಧಿ ಅನ್ವಿನ್ ಎಂಬವನಿಗೆ ಸರಳಮನಸ್ಸಿನಿಂದ ತಿಳಿಸಿದನು. ಪೇಟೆಂಟಿನ ಪತ್ರದಲ್ಲಿ ಬರೆದಿದ್ದುದು ಕಾರ್ಬುರೆಟ್ ಮಾತ್ರ. ಅನ್ವಿನ್ನನು ಸ್ವತಂತ್ರನಾಗಿ ನಿಂತು, ನಾನು ಬಳಸುವುದು ಆಕ್ಸೈಡೆಂದೂ ಪತ್ರದ ಮಾತಿಗೆ ನಾನು ಸಿಕ್ಕಿಬೀಳುವವನಲ್ಲವೆಂದೂ ಸಾಧಿಸಿದನು. ಷೆಫೀಲ್ಡಿನ ಇತರರಿಗೂ ಆ ವಾದವೇ ಹಿತವೆನಿಸಿತು. ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದು ಬಳಲಿದ ಹೀತನು 1851ರಲ್ಲಿ ತೀರಿಕೊಂಡನು. ಮೊಕದ್ದಮೆ ಮಾತ್ರ ಅವನ ಬಳಿಕವೂ ಬದುಕಿ, 1855ರಲ್ಲಿ ಹೌಸ್ ಆಫ್ ಲಾರ್ಡ್ಸಿನಲ್ಲಿ ಅನ್ವಿನ್ನನ ಪರವಾಗಿ ಮುಗಿಯಿತು. ಮರುವರ್ಷವೇ ಬೆಸೆಮರನ ಉಕ್ಕಿನ ವಿಧಾನವು ಹೊರಬಂದಾಗ ಅದರ ದೋಷವನ್ನು ಅದೇ ಮ್ಯಾಂಗನೀಸಿನಿಂದ ನೀಗಿಸಿದ ರಾಬರ್ಟ್ ಮುಷೆಟ್ಟನ, ಎಂದರೆ ಮೇಲೆ ಹೇಳಿದ ಡೇವಿಡ್ಡನ ಮಗನ, ಪೇಟೆಂಟು 1859ರಲ್ಲಿ ಮುದ್ರಾಶುಲ್ಕವನ್ನು ಸಲ್ಲಿಸದೆ ಹೋದುದರಿಂದ ರದ್ದಾಯಿತು. ಎಷ್ಟೋ ಕಾಲದ ಮೇಲೆ ಬೆಸೆಮರನು ಅವನಿಗೆ ವರ್ಷಕ್ಕೆ 300 ಪೌಂಡಿನ ವೇತನವನ್ನು ಕಟ್ಟಿಕೊಟ್ಟನು.

ಸೇಲಂ ಸೀಮೆಯ ಕುಲುಮೆಗಳ ಕಡೆಗಾಲವನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. 1860ರ ದಶಕದ ಆದಿಯಲ್ಲಿ ಮದರಾಸಿನಿಂದ ರೈಲು ಬಂದಿತು, ರೈಲಿನೊಡನೆ ಇಂಗ್ಲೆಂಡಿನ ಅಗ್ಗದ ಕಬ್ಬಿಣವೂ ಬಂದಿತು; 1882ರ ಅರಣ್ಯ ಕಾಯಿದೆಯಿಂದ ಇದ್ದಿಲು ದುರ್ಲಭವಾಯಿತು; 1892ರಲ್ಲಿ ಭೂವಿಜ್ಞಾನಿ ಹಾಲೆಂಡನು ಜಿಲ್ಲೆಯ ಅದಿರು ಮತ್ತು ಕಬ್ಬಿಣದ ಕಸುಬುಗಳ ಮೇಲೆ ವರದಿಯನ್ನು ಬರೆಯುವ ವೇಳೆಗೆ ಆ ಹಳೆಯ ಕಸುಬು ಅಳಿವಿನ ಅಂಚಿನಲ್ಲಿತ್ತು. ಕಸುಬಿನವರು ಕೂಲಿಗಳಾದರು. ಈಚಿನ ದಶಕಗಳಲ್ಲಿ ಬೆಂಗಳೂರಿನ ಶಾರದಾ ಶ್ರೀನಿವಾಸನ್, ಎಸ್. ರಂಗನಾಥನ್ ಅವರಂಥ ಸಂಶೋಧಕರು ಹಳೆಯ ಮೂಸೆಯ ಚೂರುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಒಮ್ಮೆ ಕಸುಬಿನವರೆಲ್ಲ ಬಲ್ಲವರಾಗಿದ್ದುದನ್ನು ಮತ್ತೆ ಶ್ರಮಪಟ್ಟು ತಿಳಿಯಬೇಕಾಗಿ ಬಂದಿದೆ.

ಇನ್ನು ಇಂದಿನ ಅಭಿಪ್ರಾಯಗಳ ಮಾತು. ಮುಕ್ತವಾಗಿ ಕೊಟ್ಟದ್ದು ತಾನಾಗಿಯೇ ಮುಕ್ತವಾಗಿ ಉಳಿಯುತ್ತದೆಂದು ನಂಬುವವರಿಗೆ ಹೀತನ ಲೇಖನವು ತಕ್ಕ ಉತ್ತರ. ಸೇಲಂನ ಮೂಸೆ ತೆರೆದಿತ್ತು. ಅದರೊಳಗಿನ ತತ್ತ್ವಕ್ಕೆ ಬೇಲಿ ಹಾಕಿಕೊಂಡವರನ್ನು ತಡೆಯುವ ಒಂದು ಕಾಗದವೂ ಇರಲಿಲ್ಲ. 1983ರಲ್ಲಿ ಮುಕ್ತ ತಂತ್ರಾಂಶದ ಗ್ನೂ ಯೋಜನೆಯನ್ನು ಸಾರಿದ ರಿಚರ್ಡ್ ಸ್ಟಾಲ್ಮನ್ನರ ನಿಜವಾದ ಚಾತುರ್ಯವು ತಂತ್ರಾಂಶವನ್ನು ಹಂಚಿದ್ದರಲ್ಲಿಲ್ಲ, 1989ರ ತಮ್ಮ ಪರವಾನಗಿಯಲ್ಲಿ, ಇದನ್ನು ತಿದ್ದಿ ಹಂಚುವವನು ತನ್ನ ತಿದ್ದುಪಡಿಯನ್ನೂ ಹೀಗೆಯೇ ತೆರೆದಿಡತಕ್ಕದ್ದೆಂಬ ನಿಬಂಧನೆಯನ್ನು ಕಾಯಿದೆಯ ಬಲದಿಂದಲೇ ಕಟ್ಟಿದ್ದರಲ್ಲಿದೆ. 1991ರಲ್ಲಿ ಹುಟ್ಟಿದ ಲಿನಕ್ಸ್ ಎಂಬ ತಂತ್ರಾಂಶವು ಇಂದಿಗೂ ಯಾರೊಬ್ಬರ ಸ್ವತ್ತೂ ಆಗದಿರುವುದು ಆ ನಿಬಂಧನೆಯ ರಕ್ಷೆಯಿಂದ. ನಮ್ಮಲ್ಲಿ ಕೆ. ಪಿ. ರಾವ್ ಅವರು ‘ಸೇಡಿಯಾಪು’ ಎಂಬ ತಂತ್ರಾಂಶವನ್ನೂ ಕನ್ನಡದ ಕೀಲಿಮಣೆಯ ವಿನ್ಯಾಸವನ್ನೂ ರೂಪಿಸಿ ನಾಡಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಅದು ಅವರ ಹೆಸರಿನೊಡನೆಯೇ ನೆನಪಿನಲ್ಲಿ ಉಳಿದಿರುವುದು ಸಮಾಧಾನದ ಸಂಗತಿ. ಬರೆದಿಟ್ಟ ಕಾಗದದ ಬಲಕ್ಕೆ ಇನ್ನೊಂದು ನಿದರ್ಶನವುಂಟು. ಅರಿಸಿನಕ್ಕೆ ಗಾಯ ಮಾಯಿಸುವ ಗುಣವುಂಟೆಂಬುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಮಂಡಳಿಯು ಪ್ರತಿಭಟಿಸಿ 1997ರಲ್ಲಿ ರದ್ದುಮಾಡಿಸಿದ್ದು ಅಜ್ಜಿಯರ ವಾಡಿಕೆಯನ್ನು ತೋರಿಸಿ ಅಲ್ಲ, ಹಳೆಯ ಗ್ರಂಥಗಳ ಮತ್ತು ಮುದ್ರಿತ ಲೇಖನಗಳ ಪುಟಗಳನ್ನು ತೋರಿಸಿ.

ಪುಕ್ಕಟೆಯಾದದ್ದಕ್ಕೆ ಪೋಷಣೆಯೇಕೆ ಎನ್ನುವವರೂ ಇದ್ದಾರೆ. 2014ರ ಏಪ್ರಿಲಿನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಬಯಲಾದಾಗ, ಪ್ರಪಂಚದ ಬ್ಯಾಂಕು ಅಂಗಡಿಗಳ ಅಂತರ್ಜಾಲ ವ್ಯವಹಾರದ ಬಹುಪಾಲಿಗೆ ಕಾವಲಾಗಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶವನ್ನು ಬೆರಳೆಣಿಕೆಯ ಜನ ನೋಡಿಕೊಳ್ಳುತ್ತಿದ್ದರೆಂದೂ ಅವರಿಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ 2,000 ಡಾಲರಿನ ಆಸುಪಾಸೆಂದೂ ತಿಳಿದು ಲೋಕವು ಬೆಚ್ಚಿತು. ಬಳಸುವವರು ಕೋಟಿ, ತಿದಿಯೊತ್ತುವವರು ನಾಲ್ವರು. ಇಂಥ ಕಸುಬು ಎಷ್ಟು ಕಾಲ ಬಾಳುವುದೆಂಬುದನ್ನು ಬಾರಾಮಹಲಿನ ಕಿಟ್ಟದ ದಿಬ್ಬಗಳು ಆಗಲೇ ಹೇಳಿವೆ. ಬೀಗವೇ ಕ್ಷೇಮವೆನ್ನುವ ಪಕ್ಷದವರು ಹಂಟ್ಸ್‌ಮನ್ನನನ್ನೂ ಹೀತನನ್ನೂ ನೆನೆಯಲಿ. ಗುಟ್ಟೂ ಪೇಟೆಂಟೂ ಕಂಡುಹಿಡಿದವನನ್ನು ಕಾಯಲಿಲ್ಲ, ಚತುರನಾದ ಪ್ರತಿಸ್ಪರ್ಧಿಯನ್ನು ಕಾಯ್ದವು. ಎರಡು ಪಕ್ಷಗಳಲ್ಲಿ ನಾನು ತೆರೆದಿಡುವವರ ಕಡೆಗೇ ವಾಲುವವನು. ಆದರೆ ತೆರೆದಿಟ್ಟವನ ಹೆಸರೂ ಅನ್ನವೂ ನಿಬಂಧನೆಯಲ್ಲಿ ಸೇರಿರಬೇಕೆಂಬುದು ನನ್ನ ಹಟ.

ಕಂಜಮಲೆಯ ಆಸುಪಾಸಿನಲ್ಲಿ 1970ರಲ್ಲಿ ಅಡಿಗಲ್ಲು ಬಿದ್ದು 1981ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಸೇಲಂ ಉಕ್ಕಿನ ಕಾರ್ಖಾನೆಯಲ್ಲಿ ತುಕ್ಕುಹಿಡಿಯದ ಉಕ್ಕಿನ ಹಾಳೆಗಳು ತಯಾರಾಗುತ್ತವೆ. ಹಳೆಯ ಮೂಸೆಯ ಕ್ರಮಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆ ಕ್ರಮವನ್ನು ಕೈಯಾರೆ ಬಲ್ಲವರು ಈಗ ಇಲ್ಲ. ಆದರೆ ಸೇಲಂ ಧರ್ಮಪುರಿಗಳ ಕನ್ನಡ ಮನೆಗಳಲ್ಲಿ ಮಗ್ಗದ ಅಚ್ಚು ಕಟ್ಟುವ, ಗಾಣ ಹೂಡುವ, ಕೊಡಲಿಗೆ ಹದವಿಡುವ ವಿದ್ಯೆಗಳನ್ನು ಬಲ್ಲ ವೃದ್ಧರು ಇದ್ದಾರು. ಅವರ ಬಳಿ ಕುಳಿತು, ಅವರ ಮಾತಿನಲ್ಲಿಯೇ, ಅವರ ಒಪ್ಪಿಗೆಯಿಂದ ಅವರ ಹೆಸರನ್ನೂ ಊರನ್ನೂ ಸೇರಿಸಿ ಬರೆದುಕೊಂಡು, 2003ರಿಂದ ನಡೆದುಬರುತ್ತಿರುವ ಕನ್ನಡ ವಿಕಿಪೀಡಿಯಕ್ಕೆ ಆಧಾರವಾಗಬಲ್ಲ ಬರಹವಾಗಿ ಅಚ್ಚುಹಾಕಿಸಿ ಎಂದು ಆ ಮನೆಗಳ ಓದುಬಲ್ಲ ತರುಣರನ್ನು ಕೇಳಿಕೊಳ್ಳುತ್ತೇನೆ.